ನಾನೇ ಕಟ್ಟಿದ ಸುಳ್ಳು ಕಾಯಿಲ್

ಯಾರಾದರೂ ನನ್ನೆದುರು ಇಂಥ ಅನುಭವ ಹೇಳಲು ಶುರು ಮಾಡಿದರೆ ನಾನು ಪೂರ್ತಿ ಕೇಳುತ್ತಲೇ ಇರಲಿಲ್ಲ. "ಮೊದಲ ವೈರಿಂಗ್ ನೋಡಿಸ್ರಿ" ಎಂದು ಎದ್ದುಬಿಡುತ್ತಿದ್ದೆ. ಪಕ್ಕದ ಮನೆಯವರು, ಅಜ್ಜಿ ತೀರಿಕೊಂಡ ಕೋಣೆಯಲ್ಲಿ ಬಲ್ಬು ತಾನೇ ಹತ್ತಿ ತಾನೇ ಆರುತ್ತದೆಂದು ಹೆದರಿ ಕರೆದಾಗ ಹೋಗಿ, ಸಡಿಲಾಗಿದ್ದ ಹೋಲ್ಡರ್ ಬಿಗಿ ಮಾಡಿ, ಚಹಾ ಕುಡಿದು ಬಂದವನು ನಾನು. ಅದನ್ನು ಹತ್ತು ಮಂದಿಗೆ ಹೇಳಿ ನಕ್ಕವನೂ ನಾನೇ. ಆದ್ದರಿಂದ ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಅದಕ್ಕೂ ಮೊದಲು ಆಟೋ ನಗರದಲ್ಲಿ ನಮ್ಮ ಸೋದರಮಾವನ ಅಂಗಡಿಯಲ್ಲಿ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದೆ. ತಂತಿ ಸುತ್ತುವುದರಲ್ಲಿ ನನ್ನನ್ನು ಮೀರಿಸುವವರು ಆ ಕಡೆ ಯಾರೂ ಇರಲಿಲ್ಲ. ಇದು ಜಂಬದ ಮಾತೇ ಹೌದು. ಆದರೆ ಮುಂದಿನ ಕತೆ ಅರ್ಥವಾಗಬೇಕಾದರೆ ಇದನ್ನು ಹೇಳಲೇಬೇಕು.

ಆಗ ನಮ್ಮಲ್ಲಿಗೆ ಶೈಲಜಾ ಮೇಡಂ ಎಂಬ ಮಿದುಳಿನ ಡಾಕ್ಟರು ಹೊಸದಾಗಿ ಬಂದರು. ಧಾರವಾಡದ ಕಡೆಯವರು, ಮಾತು ಮೆತ್ತಗೆ, ಹಟ ಜಾಸ್ತಿ. ಎಲ್ಲಿಂದಲೋ ಒಂದು ಯಂತ್ರವನ್ನು ಕೆಲವು ತಿಂಗಳ ಮಟ್ಟಿಗೆ ಎರವಲು ತಂದಿದ್ದರು. ಒಂದು ದೊಡ್ಡ ಪೆಟ್ಟಿಗೆ, ಅದರಿಂದ ಹೊರಟ ದಪ್ಪ ವೈರು, ವೈರಿನ ತುದಿಗೆ ನೀಲಿ ಕವಚದೊಳಗೆ ತಾಮ್ರದ ಕಾಯಿಲ್. ಆ ಕಾಯಿಲನ್ನು ತಲೆಗೆ ತಾಗಿಸಿಟ್ಟು ಗುಂಡಿ ಒತ್ತಿದರೆ ಒಂದು ಕ್ಷಣದ ಮಟ್ಟಿಗೆ ಬಲವಾದ ಅಯಸ್ಕಾಂತ ಶಕ್ತಿ ಹುಟ್ಟಿ, ತಲೆಬುರುಡೆ ದಾಟಿ, ಕೆಳಗಿನ ಮಿದುಳನ್ನು ಕೆಣಕುತ್ತಿತ್ತು. ಸೂಜಿಯಿಲ್ಲ, ನೋವಿಲ್ಲ. 'ಕಟ್' ಎಂಬ ಸದ್ದು ಮಾತ್ರ.

ಮೇಡಂ ತಿಳಿದುಕೊಳ್ಳಬೇಕೆಂದಿದ್ದು ತಂಬಾಕಿನ ಚಟದ ಬಗ್ಗೆ. ನನಗೆ ಅವರು ವಿವರಿಸಿದ್ದು ಹೀಗೆ: "ದಿನಾ ಮಂದಿ ದಾಟಿದ್ರ ಹೊಲದಾಗ ಕಾಲ್ದಾರಿ ಬೀಳತದಲ್ಲಾ, ಹಂಗ. ತಂಬಾಕು ತಿಂದಾಗೊಮ್ಮೆ ಮಿದುಳಿನಾಗ ಸುಖದ ದಾರಿ ಒಂದು ಸವೀತದ. ಆಮ್ಯಾಲೆ ಮನಸ್ಸು ಅದs ದಾರಿ ಹಿಡೀತದ. ನಾವು ಹಣೀ ಎಡಗಡಿಂದ ಸ್ವಲ್ಪ ಅಲುಗಾಡಿಸಿ ನೋಡೂಣು, ಆಸೆ ಕಮ್ಮಿ ಆಗತದೇನಂತ." ಪ್ರಯೋಗ ನಡೆಸುತ್ತಿದ್ದ ನಾನೇ ಮಧ್ಯಾಹ್ನದ ಚಹಾ ಆದ ಮೇಲೆ ಕಟ್ಟಡದ ಹಿಂದೆ ನಿಂತು ಸಿಗರೇಟು ಸೇದುತ್ತಿದ್ದೆ. ಅದು ಮೇಡಂಗೆ ಗೊತ್ತಿತ್ತು, ಏನೂ ಅನ್ನುತ್ತಿರಲಿಲ್ಲ.

ಇಂಥ ಪ್ರಯೋಗದಲ್ಲಿ ಅರ್ಧ ಜನಕ್ಕೆ ನಿಜವಾದ ಕಾಯಿಲ್, ಇನ್ನರ್ಧ ಜನಕ್ಕೆ ಸುಳ್ಳು ಕಾಯಿಲ್ ಇಡಬೇಕು. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ. ಬಂದವರಿಗೂ ಗೊತ್ತಾಗಬಾರದು, ಲೆಕ್ಕ ಹಾಕುವ ಮೇಡಂಗೂ ಗೊತ್ತಾಗಬಾರದು. ಗೊತ್ತಿರುವುದು ಕಾಯಿಲ್ ಜೋಡಿಸುವ ನನಗೊಬ್ಬನಿಗೇ. ಆದರೆ ತಂದ ಯಂತ್ರದ ಜೊತೆ ಸುಳ್ಳು ಕಾಯಿಲ್ ಬಂದಿರಲಿಲ್ಲ. ಮೇಡಂ ನನ್ನನ್ನು ಕರೆದು, "ಹಂಗs ಕಾಣಬೇಕು, ಹಂಗs ಸದ್ದು ಮಾಡಬೇಕು, ಆದ್ರ ಏನೂ ಮಾಡಬಾರದು. ಕಟ್ಟಾಕ ಆಗತದೇನ್ರಿ?" ಎಂದರು.

ಆಗದೆ ಏನು? ಭಾನುವಾರ ಆಟೋ ನಗರಕ್ಕೆ ಹೋಗಿ ಮಾವನ ಅಂಗಡಿಯಲ್ಲಿ ಕೂತು ಕಟ್ಟಿದೆ. ಅದೇ ಆಕಾರದ ಕವಚ, ಗಾಡಿಗಳಿಗೆ ಬಣ್ಣ ಹೊಡೆಯುವವನಿಂದ ಅದೇ ನೀಲಿ ಬಣ್ಣ, ಅದೇ ದಪ್ಪದ ವೈರು. ಒಳಗೆ ಮಾತ್ರ ಕಟ್ ಕಟ್ ಎನ್ನುವ ಒಂದು ಪುಟ್ಟ ರಿಲೇ, ಅದಕ್ಕೊಂದು ಟೈಮರ್. ಹತ್ತು ಸಲ ಬಡಿದು, ಇಪ್ಪತ್ತು ಸೆಕೆಂಡು ಸುಮ್ಮನಿದ್ದು, ಮತ್ತೆ ಹತ್ತು ಸಲ. ಲೇಥ್ ಯಂತ್ರದ ಕೆಳಗೆ ಬಿದ್ದಿದ್ದ ಕಬ್ಬಿಣದ ಪುಡಿಯನ್ನು ಕಾಗದದ ಮೇಲೆ ಹರವಿ ಹತ್ತಿರ ಹಿಡಿದೆ. ಒಂದು ಕಣವೂ ಮಿಸುಕಲಿಲ್ಲ. ಇದಕ್ಕಿಂತ ನಿರುಪದ್ರವಿ ಡಬ್ಬಿ ಬೆಳಗಾವಿ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ ಎಂದು ಮಾವ ನಕ್ಕ.

ಭರಮಪ್ಪ ಬಂದದ್ದು ಖಾನಾಪುರದಿಂದ. ಐವತ್ತರ ಆಸುಪಾಸಿನ ಮನುಷ್ಯ. ತಂದೆ ಕುರಿ ಕಾಯುತ್ತಿದ್ದರಂತೆ, ಇವನು ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚುಗಳ ಹಲಗೆಯನ್ನು ತಲೆಯ ಮೇಲೆ ಹೊತ್ತು ಒಣಗಿಸುವ ಜಾಗಕ್ಕೆ ಸಾಗಿಸುವ ಕೆಲಸ ಮಾಡುತ್ತಿದ್ದ. ಇಪ್ಪತ್ತು ವರ್ಷದ ತಂಬಾಕು ಅವನ ಎಡಗೆನ್ನೆಯ ಒಳಗೆ ಬೆರಳಗಲದ ಬಿಳಿ ಕಲೆ ಮಾಡಿಬಿಟ್ಟಿತ್ತು. ಬಿಡದಿದ್ದರೆ ಇದು ಹುಣ್ಣಾಗಿ ನಿನ್ನನ್ನು ತಿನ್ನುತ್ತದೆ ಎಂದು ಹಲ್ಲಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಎರಡು ಸಲ ಬಿಡಲು ನೋಡಿ ಸೋತಿದ್ದ. ಮೇಡಂ ಅವನಿಗೆ ತಿಳಿಯುವ ಹಾಗೆ ಹೇಳಿದರು: "ಇದು ಔಷಧ ಅಲ್ರಿ, ಬರೇ ತಿಳಕೊಳ್ಳಾಕ ಮಾಡೂದು." ಅವನು "ಹೂಂ ರೀ" ಅಂದ. ಅವನ ಕಣ್ಣು ನೋಡಿದರೆ ಅದು ಔಷಧವೇ ಎಂದು ನಂಬಿಕೊಂಡು ಬಂದಿದ್ದು ಗೊತ್ತಾಗುತ್ತಿತ್ತು.

ನಾನು ಒಳಗೆ ಹೋಗಿ, ಯಾವ ಕಾಯಿಲ್ ಎಂಬ ಚೀಟಿಯಿದ್ದ ಅವನ ಲಕೋಟೆ ಒಡೆದೆ. ಸುಳ್ಳು ಕಾಯಿಲ್. ನನಗೆ ಸಂಕಟವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಮೊದಲ ದಿನ ಮಾತ್ರ ಎಲ್ಲರಿಗೂ ನಿಜವಾದ ಕಾಯಿಲನ್ನೇ ಐದು ನಿಮಿಷ ಇಡುತ್ತಿದ್ದೆವು. ತಲೆಯ ಎಡಭಾಗದಲ್ಲಿ ಒಂದು ಜಾಗಕ್ಕೆ ತಾಗಿದರೆ ಬಲಗೈ ಹೆಬ್ಬೆರಳು ತಾನಾಗಿ ಹಾರುತ್ತದೆ. ಅದನ್ನು ನೋಡಿಕೊಂಡೇ ಅಳತೆ ಹಿಡಿಯುವುದು. ಭರಮಪ್ಪನ ಹೆಬ್ಬೆರಳು ಹಾರಿದಾಗ ಅವನು ಮಗುವಿನ ಹಾಗೆ ನಕ್ಕುಬಿಟ್ಟ.

"ತಂಬಾಕ ತಿಕ್ಕಾಂವ ನಮ್ಮ ಜೋತಿಬಾ, ಹೆಬ್ಬಟ್ಟ ಕುಣಿಯೂದು ನಂದೇನ್ರಿ ಸಾಹೇಬ್ರ?"

ಜೋತಿಬಾ ಯಾರೆಂದು ಕೇಳಿದೆ. ಅದೇ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚು ಸವರುವವನು, ಮರಾಠಿ ಮನೆಯವನು, ಇವನ ದೋಸ್ತ. ನಮ್ಮ ಕಡೆ ತಂಬಾಕು ಕೇಳುವುದಕ್ಕೆ ಯಾರೂ ನಾಚುವುದಿಲ್ಲ. ಗುರುತಿಲ್ಲದವರ ಮುಂದೆಯೂ ಅಂಗೈ ಚಾಚುತ್ತಾರೆ. ಆದರೆ ಇವರಿಬ್ಬರು ಇಪ್ಪತ್ತು ವರ್ಷದ ಹಿಂದೆ ಒಂದು ಕರಾರು ಮಾಡಿಕೊಂಡಿದ್ದರು. ಸುಣ್ಣದ ಡಬ್ಬಿ ಭರಮಪ್ಪನ ಹತ್ತಿರ, ತಂಬಾಕಿನ ಚಂಚಿ ಜೋತಿಬಾನ ಹತ್ತಿರ. ಜೋತಿಬಾನ ಅಂಗೈಯಲ್ಲಿ ತಂಬಾಕು, ಅದಕ್ಕೆ ಇವನ ಸುಣ್ಣ, ತಿಕ್ಕುವುದು ಜೋತಿಬಾ, ತಿನ್ನುವುದು ಇಬ್ಬರೂ. ಬೇರೆಯವರದು ಮುಟ್ಟುವ ಹಾಗಿಲ್ಲ. ಒಬ್ಬ ರಜೆ ಹಾಕಿದರೆ ಇನ್ನೊಬ್ಬನಿಗೂ ಆ ದಿನ ಉಪವಾಸ. ಹೆಂಡತಿಯರು ಎಷ್ಟು ಕಾಡಿಸಿದರೂ ಕರಾರು ಮುರಿದಿರಲಿಲ್ಲವಂತೆ.

ಮರುದಿನದಿಂದ ನನ್ನ ಡಬ್ಬಿ. ಬೆಳಿಗ್ಗೆ ಲೋಂಡಾ ಕಡೆಯಿಂದ ಬರುವ ರೈಲಿಗೆ ಭರಮಪ್ಪ ಬರುತ್ತಿದ್ದ. ಹತ್ತೂವರೆಗೆ ಸರಿಯಾಗಿ ಕೂರಿಸಿ, ಹಣೆಯ ಎಡಕ್ಕೆ ಡಬ್ಬಿ ಹೊಂದಿಸಿ ಇಪ್ಪತ್ತು ನಿಮಿಷ ಬಡಿಸುತ್ತಿದ್ದೆ. ಅವನ ಹೆಬ್ಬೆರಳು ತೊಡೆಯ ಮೇಲೆ ಸುಮ್ಮನೆ ಮಲಗಿರುತ್ತಿತ್ತು, ಹಾಗೇ ಇರಬೇಕಾದದ್ದು. ಮುಗಿದ ಮೇಲೆ ಮೇಡಂ ಬಂದು ತಂಬಾಕಿನ ಚಿತ್ರ ತೋರಿಸಿ, ಹತ್ತು ಹುಣಸೆಬೀಜ ಕೊಟ್ಟು, ಈಗ ಎಷ್ಟು ಆಸೆಯಾಗಿದೆಯೋ ಅಷ್ಟು ಬೀಜ ಬಟ್ಟಲಿಗೆ ಹಾಕು ಅನ್ನುತ್ತಿದ್ದರು. ಅಂಕಿ ಬರೆಯಲು ಹಿಂಜರಿಯುವವರಿಗೆಂದು ಅವರೇ ಕಂಡುಕೊಂಡ ಉಪಾಯ. ಮೊದಲ ನಾಲ್ಕು ದಿನ ಭರಮಪ್ಪ ಒಂಬತ್ತೋ ಹತ್ತೋ ಹಾಕಿದ. ಐದನೆಯ ದಿನ ಆರು ಹಾಕಿದ.

ಅವತ್ತು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದ: "ಸಾಹೇಬ್ರ, ಒಂದು ಮಾತ ಕೇಳಲಿ? ನಿಮ್ಮ ಮಿಷನ್ ಖಾನಾಪುರ ತನಕಾ ಮುಟ್ಟತೈತೇನ್ರಿ?"

"ಯಾಕ ಭರಮಣ್ಣಾ?"

"ಜೋತಿಬಾನ ಹೆಬ್ಬಟ್ಟ ಹಾರಾಕತ್ತೈತಿ. ಬರೋಬ್ಬರಿ ಹತ್ತೂವರಿಗೆ. ಹಸಿ ಹಂಚಿನ ಮ್ಯಾಲೆ ಗುಳಿ ಬಿದ್ದು ಮುಕಾದಮ ಬೈಯಾಕತ್ಯಾನ. ಮತ್ತ ಮೊನ್ನಿಂದ ಅಂವಾ ಚಂಚಿ ಬಿಚ್ಚೂದು ಕಮ್ಮಿ ಮಾಡ್ಯಾನ್ರಿ, ವಾಸನಿ ಸೇರೂದಿಲ್ಲಂತ. ಅಂವಾ ಬಿಚ್ಚಲಿಲ್ಲಂದ್ರ ನಂದೇನೈತಿ, ಸುಣ್ಣ ನೆಕ್ಕಲ್ಯಾ?"

ನರದ ತೊಂದರೆ ಇದ್ದೀತು, ಡಾಕ್ಟರಿಗೆ ತೋರಿಸಿ ಎಂದು ಸಾಗಹಾಕಿದೆ. ಆದರೆ ಶನಿವಾರ, ಭಾನುವಾರ ನನಗೆ ನೆಮ್ಮದಿಯಿರಲಿಲ್ಲ. ಖಾನಾಪುರದ ದಾರಿಯಲ್ಲಿ ಬರುವ ಮಚ್ಛೆಯಲ್ಲಿ ನಮ್ಮ ಬಾಡಿಗೆ ಮನೆ. ಕೂತರೆ ಎದ್ದು ನಿಲ್ಲಬೇಕು, ನಿಂತರೆ ಹೊರಗೆ ಹೋಗಬೇಕು ಎನಿಸುತ್ತಿತ್ತು. ಭರಮಪ್ಪ ಇಲ್ಲಿ ನೋಡಿದ್ದನ್ನೆಲ್ಲ ದೋಸ್ತನಿಗೆ ಹೇಳಿರುತ್ತಾನೆ, ಅವನು ಮನಸ್ಸಿಗೆ ಹಚ್ಚಿಕೊಂಡು ಬೆರಳು ಕುಣಿಸುತ್ತಾನೆ, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಸೋಮವಾರ, ಮಂಗಳವಾರ ಭರಮಪ್ಪ ಅದೇ ಸುದ್ದಿ ತಂದ. ಬೀಜ ಐದಕ್ಕೆ ಇಳಿಯಿತು, ನಾಲ್ಕಕ್ಕೆ ಇಳಿಯಿತು.

ಮಂಗಳವಾರ ಸಂಜೆ ನಾನು ಮಾಡಬಾರದ ಕೆಲಸ ಮಾಡಿದೆ. ಡಬ್ಬಿ ಬಿಚ್ಚಿ ಟೈಮರ್ ತಿರುಗಿಸಿ, ಹತ್ತರ ಬದಲು ಏಳು ಸಲ ಬಡಿಯುವಂತೆ ಮಾಡಿಟ್ಟೆ. ಯಾರಿಗೂ ಹೇಳಲಿಲ್ಲ. ನಾಳೆ ನನಗೆ ರಜೆ, ಈ ಡಬ್ಬಿಯನ್ನೇ ಇಡಿ ಎಂದು ನಮ್ಮ ಸಿಸ್ಟರಿಗೆ ತೋರಿಸಿಕೊಟ್ಟೆ. ಬೆಳಿಗ್ಗೆ ಭರಮಪ್ಪ ಬೆಳಗಾವಿಗೆ ಹೋಗುವ ರೈಲು ಹತ್ತಿರುತ್ತಾನೆ ಎಂದು ಲೆಕ್ಕ ಹಾಕಿ, ನಾನು ಮಚ್ಛೆಯಿಂದ ಖಾನಾಪುರದ ಬಸ್ಸು ಹತ್ತಿದೆ.

ಕಾರ್ಖಾನೆಯಲ್ಲಿ ಭರಮಪ್ಪನ ಪರಿಚಯದವನೆಂದು ಹೇಳಿಕೊಂಡು ಜೋತಿಬಾನ ಪಕ್ಕದಲ್ಲಿ ಕೂತೆ. ತೆಳ್ಳಗಿನ ಆಳು, ಬಿಳಿ ಮೀಸೆ. ಹಸಿ ಹಂಚನ್ನು ಎದುರಿಗೆ ಎಳೆದುಕೊಂಡು, ಒದ್ದೆ ಹೆಬ್ಬೆರಳಿನಿಂದ ಅಂಚು ಸವರಿ, ಪಕ್ಕಕ್ಕೆ ಸರಿಸುತ್ತಿದ್ದ. ನಾನು ಗಡಿಯಾರ ನೋಡುತ್ತಿದ್ದೆ. ಹತ್ತೂವರೆ ಆಯಿತು. ಏನೂ ಇಲ್ಲ. ಮುಕ್ಕಾಲಾಯಿತು. ಹನ್ನೊಂದಾಯಿತು. ಬೆರಳು ಹಂಚಿನ ಅಂಚಿನಲ್ಲಿ ಬೆಣ್ಣೆ ಸವರಿದಷ್ಟು ಹಗುರ ಓಡುತ್ತಿತ್ತು.

"ಏನ್ರಿ ಜೋತಿಬಾ, ಇವತ್ತ ನಿಮ್ಮ ಹೆಬ್ಬಟ್ಟಿಗೆ ಸೂಟಿ ಏನು?" ಎಂದು ಕೀಟಲೆ ಮಾಡಿದೆ. ಎದೆಯ ಮೇಲಿನ ಕಲ್ಲು ಇಳಿದಿತ್ತು.

"ಕಾಯ್ ಮಾಹೀತ್," ಎಂದು ಮರಾಠಿಯಲ್ಲಿ ಅಂದ. "ಯಾಂವಗ ಗೊತ್ತರಿ. ಇವತ್ತ ಇನ್ನೂ ಹಾರಿಲ್ಲ."

ಹನ್ನೊಂದು ಹತ್ತಕ್ಕೆ ನಾನು ಎದ್ದು ಚಪ್ಪಲಿ ಮೆಟ್ಟಿದೆ. ಅಷ್ಟರಲ್ಲಿ ಅವನು "ಆಂ" ಎಂದ. ತಿರುಗಿ ನೋಡಿದೆ. ಅವನ ಬಲ ಹೆಬ್ಬೆರಳು ಹಸಿ ಹಂಚಿನ ಮೇಲೆ ಹಾರಿ ಬಿತ್ತು. ಮತ್ತೆ ಹಾರಿತು. ನಾನು ಎಣಿಸಿದೆ. ಏಳು. ನಿಂತಿತು. ನನ್ನ ಕೈಗಡಿಯಾರದಲ್ಲಿ ಇಪ್ಪತ್ತು ಸೆಕೆಂಡು ಕಳೆಯಿತು. ಮತ್ತೆ ಏಳು. ಅವನು ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡ. ಆದರೂ ಬೆರಳು ನಿಲ್ಲಲಿಲ್ಲ. ಮೊದಲ ದಿನ ನಿಜವಾದ ಕಾಯಿಲ್ ಇಟ್ಟಾಗ ಭರಮಪ್ಪನ ಬೆರಳು ಹಾರಿದ್ದನ್ನು ನಾನು ನೋಡಿದ್ದೆ. ಬೇಕೆಂದು ಆಡಿಸುವ ಬೆರಳಿಗೂ ತಾನಾಗಿ ಹಾರುವ ಬೆರಳಿಗೂ ವ್ಯತ್ಯಾಸ ಇರುತ್ತದೆ, ದಿನಾ ನೋಡುವವರಿಗೆ ಅದು ಗೊತ್ತಾಗುತ್ತದೆ. ಇದು ತಾನಾಗಿ ಹಾರುತ್ತಿತ್ತು.

ಇಪ್ಪತ್ತು ನಿಮಿಷ ಹಾಗೇ ನಡೆಯಿತು. ಎದ್ದು ಹೋಗಲೂ ಆಗಲಿಲ್ಲ, ಅವನನ್ನು ಮುಟ್ಟಲೂ ಧೈರ್ಯ ಬರಲಿಲ್ಲ. ಮುಗಿದ ಮೇಲೆ ಜೋತಿಬಾ ಬಕೆಟ್ಟಿನಲ್ಲಿ ಕೈ ತೊಳೆದು, ಚಂಚಿ ತೆಗೆದು ಮೂಸಿ, ಮುಖ ಕಿವುಚಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

ಓಡುತ್ತ ಹೋಗಿ ರಸ್ತೆಯ ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿದೆ. ಸಿಸ್ಟರ್ ಎತ್ತಿದರು.

"ಈಗ ಮುಗೀತ್ರಿ. ಬೆಳಿಗ್ಗಿಂದ ಲೈಟ್ ಇರಲಿಲ್ಲ. ಹನ್ನೊಂದು ಹತ್ತಕ್ಕ ಬಂತು, ಆವಾಗ ಚಾಲೂ ಮಾಡಿದ್ವಿ. ಯಾಕ್ರಿ?"

ಏನಿಲ್ಲ ಎಂದು ಇಟ್ಟುಬಿಟ್ಟೆ. ಭರಮಪ್ಪ ಹತ್ತೂವರೆಯ ಸಮಯವನ್ನು ದೋಸ್ತನಿಗೆ ಹೇಳಿರಬಹುದು. ಏಳರ ಲೆಕ್ಕವನ್ನು ಯಾರು ಹೇಳಿದರು? ಬೆಳಗಾವಿಯಲ್ಲಿ ಕರೆಂಟು ಬಂದದ್ದನ್ನು ಯಾರು ಹೇಳಿದರು?

ವಾಪಸು ಬರುವಾಗ ಮಚ್ಛೆಯಲ್ಲಿ ಇಳಿಯಬೇಕಾದವನು ಇಳಿಯಲೇ ಇಲ್ಲ. ನೇರ ಆಸ್ಪತ್ರೆಗೆ ಹೋಗಿ ಡಬ್ಬಿ ಬಿಚ್ಚಿ ಮೇಜಿನ ಮೇಲೆ ಹರಡಿದೆ. ರಿಲೇ, ಟೈಮರ್, ನಾಲ್ಕು ವೈರು. ಮತ್ತೆ ಜೋಡಿಸಿ ಕಬ್ಬಿಣದ ಪುಡಿಯ ಹತ್ತಿರ ಹಿಡಿದೆ. ನನ್ನ ಹಣೆಗೇ ಇಟ್ಟುಕೊಂಡು ಇಪ್ಪತ್ತು ನಿಮಿಷ ಕೂತೆ. ಬೆರಳು ಹಾರಲಿಲ್ಲ. ಹೊರಗೆ ಹೋಗಿ ಸಿಗರೇಟು ಹಚ್ಚಿದೆ, ಅದೂ ಎಂದಿನಷ್ಟೇ ರುಚಿಯಾಗಿತ್ತು.

ಮೇಡಂಗೆ ಹೇಳಲಿಲ್ಲ. ಹೇಳಿದರೆ ಟೈಮರ್ ತಿರುಗಿಸಿದ್ದು ಬಯಲಾಗುತ್ತಿತ್ತು, ಕೆಲಸಕ್ಕೆ ಸಂಚಕಾರ. ಅದಲ್ಲದೆ ಅವರ ಹಾಳೆಯಲ್ಲಿ ಜೋತಿಬಾನನ್ನು ಬರೆಯಲು ಜಾಗವೂ ಇರಲಿಲ್ಲ. ಟೈಮರನ್ನು ಮತ್ತೆ ಹತ್ತಕ್ಕೆ ತಂದು ಉಳಿದ ದಿನಗಳನ್ನು ಮುಗಿಸಿದೆ. ಕೊನೆಯ ದಿನ ಭರಮಪ್ಪ ಬಟ್ಟಲಿಗೆ ಒಂದೇ ಬೀಜ ಹಾಕಿದ. ಕೆಲವು ವಾರಗಳ ನಂತರ ಯಾರಿಗೆ ಯಾವ ಕಾಯಿಲ್ ಎಂಬ ಗುಟ್ಟಿನ ಪಟ್ಟಿ ತೆರೆದಾಗ ಮೇಡಂ ಭರಮಪ್ಪನ ಹೆಸರು ನೋಡಿ, ಕನ್ನಡಕ ತೆಗೆದು, "ಇವರಿಗೆ ಸುಳ್ಳು ಕಾಯಿಲ್ ಏನು? ನಂಬಿಕಿ ಅನ್ನೂದು ಎಷ್ಟ ದೊಡ್ಡದು ನೋಡ್ರಿ" ಎಂದರು.

ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ನಂಬಿಕೆಯಿಂದ ಏನೇನೋ ಆಗುತ್ತದೆ. ಭರಮಪ್ಪ ನಂಬಿದ, ನಂಬಿ ದೋಸ್ತನನ್ನೂ ನಂಬಿಸಿದ. ಹನ್ನೊಂದು ಹತ್ತರ ಸಂಗತಿಯನ್ನು ಮಾತ್ರ ಆ ವಿವರಣೆಯೊಳಗೆ ತುರುಕಲು ಆಗುತ್ತಿರಲಿಲ್ಲ, ಆದಷ್ಟು ಅದರ ಕಡೆ ನೋಡದೆ ಐದಾರು ವರ್ಷ ಕಳೆದೆ. ಆದರೆ ಇನ್ನೊಂದು ಚಿಂತೆ ಬಿಡಲಿಲ್ಲ. ಬಾಯಲ್ಲಿ ಸಾವಿನ ಕಲೆ ಇಟ್ಟುಕೊಂಡು ನಂಬಿ ಬಂದ ಮನುಷ್ಯನ ತಲೆಗೆ ನಾನು ಗೊತ್ತಿದ್ದೂ ಖಾಲಿ ಡಬ್ಬಿ ಇಟ್ಟಿದ್ದೆ. ಅವನು ಏನಾದನೋ ವಿಚಾರಿಸಲೂ ಇಲ್ಲ. ಆಟೋ ನಗರದ ಮಾವನಿಗೆ ಗುಟ್ಕಾದಿಂದ ದವಡೆ ಕತ್ತರಿಸಬೇಕಾಗಿ ಬಂದಾಗ ನನಗೆ ತಡೆಯಲಾಗಲಿಲ್ಲ. ಕ್ಷಮೆ ಕೇಳಬೇಕೆಂದೇ ಖಾನಾಪುರಕ್ಕೆ ಹೋದೆ.

ಭರಮಪ್ಪ ಮನೆಯ ಮುಂದೆ ಕೂತು ಹಗ್ಗ ಹೊಸೆಯುತ್ತಿದ್ದ. ಗುರುತು ಹಿಡಿದು, "ಬರ್ರಿ ಸಾಹೇಬ್ರ, ಕುಂದರ್ರಿ" ಎಂದ. ಕೇಳುವ ಮೊದಲೇ ಬಾಯಿ ಅಗಲಿಸಿ ಕೆನ್ನೆಯ ಒಳಗನ್ನು ತೋರಿಸಿದ. ಕಲೆ ಇರಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಜೋತಿಬಾನೂ ಚೆನ್ನಾಗಿದ್ದಾನೆ, ಆಮೇಲೆ ಅವನ ಬೆರಳು ಯಾವತ್ತೂ ಹಾರಲಿಲ್ಲ, ಇಬ್ಬರೂ ತಂಬಾಕು ಮುಟ್ಟಿಲ್ಲ ಎಂದ. ಆಗ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೇಳಿಬಿಟ್ಟೆ: ನಿನ್ನ ತಲೆಗೆ ಇಟ್ಟದ್ದು ಖಾಲಿ ಡಬ್ಬಿ, ನಾನೇ ಕಟ್ಟಿದ್ದು, ನನಗೆ ಗೊತ್ತಿತ್ತು.

ಭರಮಪ್ಪ ಹಗ್ಗ ಕೆಳಗಿಟ್ಟು ನಕ್ಕ.

"ನಂಗೂ ಗೊತ್ತಿತ್ತಲ್ರಿ. ಮೊದಲನೇ ದಿನ ಇಟ್ಟಿದ್ದು ವಜ್ಜಾ ಇತ್ತು. ಎರಡನೇ ದಿನದಿಂದ ಹಗುರ. ಮೂವತ್ತು ವರ್ಷ ತಲಿ ಮ್ಯಾಲ ಹಂಚ ಹೊತ್ತಾಂವ ನಾ. ಒಂದ ಹಂಚ ಕಮ್ಮಿ ಆದ್ರ ತಿಳಿಯೂದಿಲ್ಲೇನ್ರಿ?"

ಬಣ್ಣ, ಸದ್ದು, ವೈರು ಎಲ್ಲ ಸರಿ ಮಾಡಿದ್ದೆ. ತಾಮ್ರವನ್ನು ತೂಗಿ ತೂಗಿ ಬೆಳೆದವನಿಗೆ ತೂಕವೇ ಮರೆತುಹೋಗಿತ್ತು. ಇಷ್ಟು ವರ್ಷ ನಾನು ಜೋತುಬಿದ್ದಿದ್ದ ನಂಬಿಕೆಯ ವಿವರಣೆ ಅಲ್ಲೇ ಕುಸಿಯಿತು. ಇವನು ನಂಬಿಯೇ ಇರಲಿಲ್ಲ.

"ಮತ್ತ ದಿನಾ ಯಾಕ ಬಂದಿ ಭರಮಣ್ಣಾ?"

"ನಾ ಇಲ್ಲೆ ಬಂದು ಕುಂತಾಗ ಅಲ್ಲೆ ಅಂವಾ ಬಿಡಾಕತ್ತಿದ್ದಾ. ನಾ ಬಿಟ್ಟೇನಂತ ನಂಗ ಭರೋಸಾ ಇರಲಿಲ್ಲ. ಅಂವಾ ಬಿಟ್ರ ನಾ ಬಿಟ್ಟಂಗs. ನಾ ಬರೂದು ನಿಲ್ಲಸಿದ್ರ ಅಂವಾ ಬಿಡೂದೂ ನಿಂತೀತಂತ ಅಂಜಿ ಬಂದೆ." ನನ್ನನ್ನೇ ನೋಡಿದ. "ನಾ ಕೇಳೂದ ಬ್ಯಾರೆ ಐತ್ರಿ. ಅದರಾಗ ಏನೂ ಇಲ್ಲಂತ ನಿಮಗೂ ಗೊತ್ತಿತ್ತು. ಮತ್ಯಾಕ ಅದನ್ನ ಅಷ್ಟ ಜ್ವಾಕಿಲೆ ನನ್ನ ತಲಿ ಮ್ಯಾಲ ಇಡತಿದ್ರಿ? ದಿನಾ ಕೂದಲ ಸರಸಿ, ಒತ್ತತೈತೇನು ಅಂತ ಕೇಳಿ ಇಡತಿದ್ರಿ."

ಅದು ನನ್ನ ಕೆಲಸ, ಹಾಗೇ ಮಾಡಬೇಕೆಂದು ಮೇಡಂ ಹೇಳಿದ್ದರು ಎಂದು ಹೇಳಬಹುದಿತ್ತು. ಅವನು ಉತ್ತರಕ್ಕೆ ಕಾಯುತ್ತ ಕೂತೇ ಇದ್ದ, ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ.